ನಿಂತ ಓದಿಗೆ ತೆರೆದ ಹಿತ್ತಿಲ ಬಾಗಿಲು

‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಎಂಬ ಮಾತನ್ನು ನಮ್ಮ ಶಾಲೆಗಳ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿರುವುದನ್ನು ನೀವೆಲ್ಲ ನೋಡಿದ್ದೀರಿ. ಕಲಿತರೆ ಸರಿಯೇ. ಆದರೆ ಕಲಿಯುತ್ತಿದ್ದವಳು ನಡುವೆ ನಿಂತುಬಿಟ್ಟರೆ? ಗೋಡೆಯ ಬರಹ ಅದರ ಬಗ್ಗೆ ಏನೂ ಹೇಳುವುದಿಲ್ಲ. ನಮ್ಮ ಊರುಗಳ ಬೀದಿಗಳಲ್ಲಿ ಹೀಗೆ ಅರ್ಧಕ್ಕೆ ನಿಂತ ಓದಿನವರು ಎಷ್ಟು ಮಂದಿ! ‘ಪಿಯುಸಿ ಆಗಿತ್ತು, ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂತು’ ಎನ್ನುವವರು, ‘ಬಿ.ಎ. ಎರಡನೇ ವರ್ಷದಲ್ಲಿದ್ದೆ, ಬಾಣಂತನಕ್ಕೆ ತವರಿಗೆ ಬಂದವಳು ಮತ್ತೆ ಕಾಲೇಜಿನ ಮುಖ ನೋಡಲಿಲ್ಲ’ ಎನ್ನುವವರು. ಇದನ್ನು ಹೇಳುವಾಗ ಅವರ ದನಿಯಲ್ಲಿ ಅಳುವೇನೂ ಇರುವುದಿಲ್ಲ. ಅಂಗಡಿಯಲ್ಲಿ ಬಿಟ್ಟು ಬಂದ ಕೊಡೆಯ ವಿಷಯ ಹೇಳಿದ ಹಾಗೆ ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ. ಆದರೆ ಇಪ್ಪತ್ತು ವರ್ಷವಾದರೂ ಆ ಮಾತು ಮರೆಯದೆ ಬಾಯಿಗೆ ಬರುತ್ತದೆ ಎನ್ನುವುದನ್ನು ಗಮನಿಸಬೇಕು.

ಇಂಥವರ ಓದು ಅವರ ಸೋಮಾರಿತನದಿಂದ ನಿಂತದ್ದಲ್ಲ. ಬರೀ ಲೆಕ್ಕ ಹಾಕಿ ನೋಡಿದರೂ ತಿಳಿಯುತ್ತದೆ. 1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಗೆ 14 ವರ್ಷವಾದರೂ ಆಗಿರಬೇಕೆಂದಿತು. 1949ರಲ್ಲಿ ಅದು 15 ಆಯಿತು. 18 ಆದದ್ದು 1978ರಲ್ಲಿ. ಒಬ್ಬ ಹುಡುಗಿ ಎಲ್ಲಿಯೂ ನಪಾಸಾಗದೆ ಓದಿದರೂ ಪದವಿ ಕೈಗೆ ಬರುವ ಹೊತ್ತಿಗೆ ಇಪ್ಪತ್ತೋ ಇಪ್ಪತ್ತೊಂದೋ ಆಗಿರುತ್ತದೆ. ಅಂದರೆ ಸ್ವಾತಂತ್ರ್ಯ ಬಂದು ಮೂವತ್ತು ವರ್ಷದವರೆಗೂ ಮದುವೆಯ ಗಂಟೆ ಪದವಿಯ ಗಂಟೆಗಿಂತ ಐದಾರು ವರ್ಷ ಮುಂಚೆ ಹೊಡೆಯಬಹುದಾಗಿತ್ತು, ಅದೂ ಕಾನೂನಿನ ಒಪ್ಪಿಗೆಯಿಂದ. ಕಾನೂನು ಬದಲಾದ ಮೇಲೂ ಮನೆಗಳ ಗಡಿಯಾರ ಬೇಗ ಬದಲಾಗಲಿಲ್ಲ.

ಹೀಗೆ ನಿಂತ ಓದನ್ನು ಮತ್ತೆ ಹಿಡಿಯಬೇಕೆಂದರೆ ಆಸೆಯೊಂದಿದ್ದರೆ ಸಾಲದು. ಕಾಲೇಜಿನ ಹೆಬ್ಬಾಗಿಲು ಹದಿನೆಂಟರ ಹುಡುಗರಿಗಾಗಿ ಮಾಡಿದ್ದು. ದಿನವೂ ಹಾಜರಿ ಕೊಡಬೇಕು. ಊರಿನಲ್ಲಿ ಕಾಲೇಜಿಲ್ಲದಿದ್ದರೆ ಹಾಸ್ಟೆಲಿನಲ್ಲಿರಬೇಕು. ಮಗು ಎತ್ತಿಕೊಂಡವಳು ಆ ಬಾಗಿಲಿನಲ್ಲಿ ತೂರುವುದು ಕಷ್ಟ. ಆದ್ದರಿಂದ ಹಿಂದಿರುಗಿ ಬಂದ ಹೆಂಗಸರಿಗೆ ಯಾವಾಗಲೂ ಬೇರೊಂದು ಬಾಗಿಲು ಬೇಕಾಗಿತ್ತು. ಈಗ ಹಿಂಬಾಗಿಲು ಎಂದರೆ ಲಂಚ, ವಶೀಲಿ ಎಂದು ಅರ್ಥ ಮಾಡುತ್ತೇವೆ. ನಾನು ಹೇಳುವುದು ನಮ್ಮ ಹಳೆಯ ಮನೆಗಳ ಹಿತ್ತಿಲ ಬಾಗಿಲನ್ನು. ಬಾವಿಗೆ, ಬಟ್ಟೆ ಒಗೆಯುವ ಕಲ್ಲಿಗೆ, ಪಕ್ಕದ ಮನೆಯವರೊಡನೆ ನಾಲ್ಕು ಮಾತಿಗೆ ಹೆಂಗಸರು ಓಡಾಡುತ್ತಿದ್ದ ಬಾಗಿಲು ಅದು. ಓದಿಗೆ ಅಂಥ ಬಾಗಿಲನ್ನು ಯಾರು ಯಾರು, ಯಾವಾಗ ತೆರೆದರು ಎಂಬ ಚರಿತ್ರೆಯನ್ನು ನಾವು ಮಕ್ಕಳಿಗೆ ಪಾಠದಲ್ಲಿ ಹೇಳುವುದಿಲ್ಲ. ಪಠ್ಯಪುಸ್ತಕದಲ್ಲಿ ಅದು ಇಲ್ಲ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಮನೆಯಲ್ಲಿದ್ದುಕೊಂಡೇ ಪದವಿ ಪಡೆಯಬಹುದು ಎಂಬ ಯೋಚನೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ, ನೀನು ಎಲ್ಲಿ ಕುಳಿತು ಓದಿದೆ ಎಂದು ಕೇಳದೆ, ಪರೀಕ್ಷೆಯಲ್ಲಿ ಪಾಸಾದವರಿಗೆ ಪದವಿ ಕೊಡುವ ಪದ್ಧತಿ ತಂದಿತು. ಆದರೆ ಅದು ಗಂಡಸರಿಗೆ ಮಾತ್ರ. ಹೆಂಗಸರಿಗೆ ಅಲ್ಲಿ ಪದವಿಯ ಬಾಗಿಲು ತೆರೆಯಲು 1878 ಬರಬೇಕಾಯಿತು. ಮೊದಲ ನಾಲ್ವರು ಮಹಿಳೆಯರು ಬಿ.ಎ. ಪಡೆದದ್ದು 1880ರಲ್ಲಿ. ನಮ್ಮ ದೇಶದಲ್ಲಿ ಕಲ್ಕತ್ತೆಯ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು 1883ರಲ್ಲಿ ಪದವೀಧರೆಯರಾದರು. ಲಂಡನ್ನಿಗೂ ಕಲ್ಕತ್ತೆಗೂ ನಡುವೆ ಮೂರೇ ವರ್ಷದ ಅಂತರ! ನಮ್ಮವರು ಹಿಂದೆ ಬೀಳಲಿಲ್ಲ ಎಂದು ಹೆಮ್ಮೆ ಪಡಬಹುದು. ಆದರೆ ಬೆರಳೆಣಿಕೆಯ ಜಾಣೆಯರು ಪಾಸಾಗುವುದು ಬೇರೆ, ಓದು ಬಿಟ್ಟ ಸಾಮಾನ್ಯ ಹೆಣ್ಣುಮಗಳಿಗೆ ದಾರಿ ಆಗುವುದು ಬೇರೆ.

ಆ ಸಾಮಾನ್ಯ ಹೆಣ್ಣುಮಗಳನ್ನು ಮೊದಲು ಕಂಡವರಲ್ಲಿ ಪಂಡಿತಾ ರಮಾಬಾಯಿಯವರೊಬ್ಬರು. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಎಂದರೆ ನಮಗೆ ಸ್ವಲ್ಪ ಹತ್ತಿರವಾದಾರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಆ ಶಾಸ್ತ್ರಿಗಳು ಪಂಡಿತರ ಸಿಟ್ಟಿಗೆ ಗುರಿಯಾದವರು. ಅವರ ಮಗಳು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅಲ್ಲಿಗೆ ಬಂದವರಲ್ಲಿ ಬಹಳ ಮಂದಿ ಬಾಲವಿಧವೆಯರು, ಅಕ್ಷರ ಕಲಿಯುವ ವಯಸ್ಸು ದಾಟಿತು ಎಂದು ಮನೆಯವರು ಕೈಬಿಟ್ಟವರು. ಆ ಸದನದಲ್ಲಿ ಓದಿದ ಗೋದುಬಾಯಿ ಎಂಬ ವಿಧವೆಯನ್ನು 1893ರಲ್ಲಿ ಮದುವೆಯಾದವರು ಧೋಂಡೊ ಕೇಶವ ಕರ್ವೆ. ಇದೇ ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ತೆರೆದರು. ನಮ್ಮ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದೂ ಅದೇ ವರ್ಷ. ಮೈಸೂರಿನದು ಮಹಾರಾಜರ ಆಶ್ರಯದಲ್ಲಿ ಹುಟ್ಟಿತು. ಕರ್ವೆಯವರದು ಒಬ್ಬ ಮೇಷ್ಟರು ಊರೂರು ಅಲೆದು ಬೇಡಿ ತಂದ ದುಡ್ಡಿನಲ್ಲಿ ಹುಟ್ಟಿತು. ಮುಂದೆ ಸರ್ ವಿಠಲದಾಸ ಠಾಕರ್ಸಿಯವರು ಹದಿನೈದು ಲಕ್ಷ ರೂಪಾಯಿಗಳ ದಾನಕ್ಕೆ ಒಪ್ಪಿ, ಅವರ ತಾಯಿಯ ಹೆಸರು ಅದಕ್ಕೆ ಬಂತು. ಎಸ್.ಎನ್.ಡಿ.ಟಿ. ಎಂದು ಈಗ ನಾವು ಕರೆಯುವುದು ಅದನ್ನೇ.

ಕರ್ವೆಯವರು ಮಾಡಿದ ದೊಡ್ಡ ಕೆಲಸ ಪಾಠವನ್ನು ಮಾತೃಭಾಷೆಯಲ್ಲಿ ಕೊಟ್ಟದ್ದು. ಚಿಕ್ಕಂದಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗದ ಹೆಣ್ಣು ಇಪ್ಪತ್ತೈದನೆಯ ವಯಸ್ಸಿನಲ್ಲಿ ಓದಲು ಬಂದರೆ, ಮೊದಲು ಎಡವುವುದು ಭಾಷೆಯಲ್ಲಿ. ಆ ಕಲ್ಲನ್ನು ಅವರು ತೆಗೆದರು. ಆದರೆ ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಅಲ್ಲಿಯ ಪದವಿಗೆ ಶಾಸನದ ಮಾನ್ಯತೆ ದೊರೆತದ್ದು 1951ರಲ್ಲಿ. ಮೂವತ್ತೈದು ವರ್ಷ ಆ ಹೆಣ್ಣುಮಕ್ಕಳು ಕಷ್ಟಪಟ್ಟು ಓದಿ, ಸರ್ಕಾರ ಒಪ್ಪದ ಪದವಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕಾಗಿತ್ತು. ಮಾನ್ಯತೆಯ ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ನನ್ನ ಮಟ್ಟಿಗೆ ಈ ಚರಿತ್ರೆಯ ನಡುಮನೆಯಲ್ಲಿ ನಿಲ್ಲುವವರು ದುರ್ಗಾಬಾಯಿ ದೇಶಮುಖ್. ಸಂವಿಧಾನ ಸಭೆಯಲ್ಲಿದ್ದ ಕೆಲವೇ ಮಹಿಳೆಯರಲ್ಲಿ ಒಬ್ಬರು ಎಂದು ಅವರ ಹೆಸರನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಅವರು ಪದವಿ ಪಡೆದ ಬಗೆ ಹೆಚ್ಚು ಜನಕ್ಕೆ ಗೊತ್ತಿಲ್ಲ.

1909ರಲ್ಲಿ ರಾಜಮಂಡ್ರಿಯಲ್ಲಿ ಹುಟ್ಟಿದ ದುರ್ಗಾಬಾಯಿಗೆ ಎಂಟನೆಯ ವಯಸ್ಸಿನಲ್ಲಿ ಮದುವೆಯಾಯಿತು. ಬುದ್ಧಿ ಬಂದ ಮೇಲೆ ಆ ಸಂಸಾರ ತನಗೆ ಬೇಡವೆಂದು ಹೇಳಿ ಹೊರಬಂದರು. ಮನೆಯವರು ಬೆನ್ನಿಗೆ ನಿಂತರು ಎನ್ನುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಶಾಲೆಯ ಓದೂ ಬೇಗನೆ ನಿಂತಿತ್ತು. ಇಂಗ್ಲಿಷಿನಲ್ಲಿ ಕಲಿಸುವುದನ್ನು ವಿರೋಧಿಸಿ ಹುಡುಗಿಯೇ ಶಾಲೆ ಬಿಟ್ಟಿದ್ದಳು; ಬಿಟ್ಟು, ತಾನೇ ಹೆಣ್ಣುಮಕ್ಕಳಿಗೆ ಹಿಂದಿ ಕಲಿಸುವ ಶಾಲೆ ನಡೆಸಿದಳು. 1923ರ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕಿಯಾಗಿ ಖಾದಿ ಪ್ರದರ್ಶನದ ಬಾಗಿಲು ಕಾಯುತ್ತಿದ್ದಾಗ, ಟಿಕೆಟ್ ಇಲ್ಲವೆಂದು ನೆಹರೂ ಅವರನ್ನೇ ತಡೆದ ಹದಿನಾಲ್ಕರ ಹುಡುಗಿ ಇವಳೇ. 1930ರ ಉಪ್ಪಿನ ಸತ್ಯಾಗ್ರಹದಿಂದ 1933ರವರೆಗೆ ಮೂರು ಬಾರಿ ಸೆರೆಮನೆ ಕಂಡರು. ಅಲ್ಲಿ ಜೊತೆಗಿದ್ದ ಹೆಂಗಸರು, ತಮ್ಮ ಮೇಲಿನ ಅಪರಾಧವೇನು, ಕಾಗದದಲ್ಲಿ ಏನು ಬರೆದಿದೆ ಎಂದು ತಿಳಿಯದೆ ಶಿಕ್ಷೆ ಅನುಭವಿಸುತ್ತಿದ್ದುದನ್ನು ನೋಡಿ ಕಾನೂನು ಓದಬೇಕೆಂದು ನಿಶ್ಚಯಿಸಿದರು.

ನಿಶ್ಚಯವೇನೋ ಸರಿ. ಆದರೆ ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ, ಕೈಯಲ್ಲಿ ಮೆಟ್ರಿಕ್ ಕೂಡ ಇಲ್ಲ. ಹದಿಮೂರರ ಹುಡುಗಿಯರ ನಡುವೆ ಬೆಂಚಿನ ಮೇಲೆ ಹೋಗಿ ಕೂರುವುದೆಂತು? ಅವರಿಗೆ ಸಿಕ್ಕಿದ ಹಿತ್ತಿಲ ಬಾಗಿಲು ಕಾಶಿಯಲ್ಲಿತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ಮನೆಯಲ್ಲಿ ಓದಿ ಖಾಸಗಿಯಾಗಿ ಕೂರಬಹುದಿತ್ತು. ಅದನ್ನು ಹಿಡಿದು ಮೇಲೆ ಬಂದರು. ಮುಂದೆ ಬಿ.ಎ.ಗೆ ರಾಜ್ಯಶಾಸ್ತ್ರ ಓದಲು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯಕ್ಕೆ ಹೋದಾಗ ಹೊಸ ತೊಡಕು ಬಂತು: ಹೆಂಗಸರಿಗೆ ಹಾಸ್ಟೆಲ್ ಇಲ್ಲ, ಆದ್ದರಿಂದ ಪ್ರವೇಶವಿಲ್ಲ. ಕುಲಪತಿಗಳಾಗಿದ್ದವರು ಸಿ.ಆರ್. ರೆಡ್ಡಿ. ನಮ್ಮ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕಲಿಸಿ, ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿ ಹೋದವರು ಅವರೇ. ದುರ್ಗಾಬಾಯಿ ಅಳಲಿಲ್ಲ, ಶಿಫಾರಸಿಗೂ ಅಲೆಯಲಿಲ್ಲ. ಹಾಸ್ಟೆಲ್ ಇಲ್ಲದ ಕಾರಣಕ್ಕೆ ಸೇರಲಾಗದೆ ಇರುವ ಹೆಣ್ಣುಮಕ್ಕಳು ತನಗೆ ಬರೆಯಿರಿ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಬರೆದವರು ಇದ್ದರು! ಅವರನ್ನೆಲ್ಲ ಸೇರಿಸಿ ತಾವೇ ವಸತಿಯ ಏರ್ಪಾಡು ಮಾಡಿಕೊಂಡು ಹೋಗಿ ನಿಂತಾಗ, ಇಲ್ಲವೆನ್ನಲು ಕಾರಣ ಉಳಿಯಲಿಲ್ಲ. ಪದವಿ ಮುಗಿಸಿ ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಪ್ರಕಟಣೆ. ತನ್ನೊಬ್ಬಳಿಗೆ ರಿಯಾಯಿತಿ ಕೇಳಿದ್ದರೆ ಬಹುಶಃ ಒಂದು ಕೋಣೆ ಸಿಗುತ್ತಿತ್ತೇನೋ. ಅವರು ತನ್ನಂತೆಯೇ ಬಾಗಿಲಲ್ಲಿ ನಿಂತವರು ಇನ್ನೆಷ್ಟು ಮಂದಿ ಎಂದು ಎಣಿಸಿದರು. ಮದರಾಸಿನಲ್ಲಿ ಅವರು ಕಟ್ಟಿದ ಆಂಧ್ರ ಮಹಿಳಾ ಸಭಾ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಓದು ನಿಂತ ಹೆಂಗಸರನ್ನು ಕೂರಿಸಿಕೊಂಡು ಅದೇ ಬನಾರಸ್ ಮೆಟ್ರಿಕ್‌ಗೆ ತಯಾರು ಮಾಡುವುದು. ತಾನು ಬಂದ ದಾರಿಯನ್ನು ಹಿಂದೆ ಬರುವವರಿಗೆ ಗುಡಿಸಿ ಇಟ್ಟ ಹಾಗೆ.

1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಸ್ಥಾಪನೆಯಾಗಿ ದುರ್ಗಾಬಾಯಿ ಅದರ ಅಧ್ಯಕ್ಷೆಯಾದರು. ಆ ಕಾಲದ ಸ್ಥಿತಿಯನ್ನು ನೆನೆಯಿರಿ. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಪಂಚವಾರ್ಷಿಕ ಯೋಜನೆಗಳಿಗೆ ಗ್ರಾಮಸೇವಿಕೆಯರು, ದಾದಿಯರು, ಸೂಲಗಿತ್ತಿಯರು, ಶಿಕ್ಷಕಿಯರು ಬೇಕು. ಕೆಲಸವಿದೆ, ಕೆಲಸ ಬೇಕಾದ ಹೆಂಗಸರೂ ಇದ್ದಾರೆ, ನಡುವೆ ಒಂದು ಸರ್ಟಿಫಿಕೇಟು ಇಲ್ಲ. ಆಗ, 1958ರಲ್ಲಿ, ವಯಸ್ಕ ಮಹಿಳೆಯರಿಗೆ ಸಂಕ್ಷಿಪ್ತ ಶಿಕ್ಷಣದ ಯೋಜನೆ ಶುರುವಾಯಿತು. ಸ್ವಲ್ಪ ಓದಿ ಬಿಟ್ಟವರನ್ನು ಎರಡು ವರ್ಷದಲ್ಲಿ ಪರೀಕ್ಷೆಗೆ ಸಿದ್ಧ ಮಾಡುವುದು, ನಪಾಸಾದವರಿಗೆ ಒಂದು ವರ್ಷ. ಊರೂರಿನ ಮಹಿಳಾ ಸಮಾಜಗಳಿಗೆ ಇದಕ್ಕಾಗಿ ಅನುದಾನ. ಎಂಟು ಹತ್ತು ವರ್ಷದ ಓದನ್ನು ಎರಡು ವರ್ಷದಲ್ಲಿ ಕಲಿಸಬಹುದೇ ಎಂದು ಹುಬ್ಬೇರಿಸುವವರಿಗೆ ನಾನು ಶಿಕ್ಷಕಿಯಾಗಿ ಹೇಳುತ್ತೇನೆ: ಕಲಿಸಬಹುದು. ಹತ್ತು ವರ್ಷದ ಮಗುವಿಗೆ ಬಡ್ಡಿ ಲೆಕ್ಕ ಅರ್ಥ ಮಾಡಿಸಲು ಒಂದು ವಾರ ಬೇಕು. ಸಂಘದಲ್ಲಿ ಸಾಲ ತೆಗೆದು ತೀರಿಸಿದವಳಿಗೆ ಅರ್ಧ ಗಂಟೆ ಸಾಕು. ಅವಳಿಗೆ ಲೆಕ್ಕ ಗೊತ್ತು, ಅದನ್ನು ಕಾಗದದ ಮೇಲೆ ಇಡುವ ಕ್ರಮವನ್ನು ಕಲಿಸಬೇಕು, ಅಷ್ಟೇ.

ಈ ಯೋಜನೆ ಶಾಲೆಯ ಮಟ್ಟದವರೆಗಿನದು. ಪದವಿಯವರೆಗೆ ಹೋಗಬೇಕೆಂದವರಿಗೆ ಬಾಗಿಲು ಬಂದದ್ದು ಅಂಚೆಯ ಚೀಲದಲ್ಲಿ. 1962ರಲ್ಲಿ ದೆಹಲಿ ವಿಶ್ವವಿದ್ಯಾಲಯ ದೇಶದಲ್ಲೇ ಮೊದಲು ಅಂಚೆಯ ಮೂಲಕ ಪಾಠ ಕಳುಹಿಸಿ ಬಿ.ಎ. ಓದಿಸತೊಡಗಿತು. ನಮ್ಮಲ್ಲಿ 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಈ ಕೆಲಸ ಕೈಗೊಂಡಿತು. ಅದೇ ಸಂಸ್ಥೆ ಬೆಳೆದು 1996ರ ಜೂನ್‌ನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಷ್ಟರಲ್ಲಿ ಆಂಧ್ರದಲ್ಲಿ 1982ರಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ, 1985ರಲ್ಲಿ ದೆಹಲಿಯಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಬಂದಿದ್ದವು.

ನಮ್ಮವರು ಇದಕ್ಕೆ ಕೊಟ್ಟ ಹೆಸರು ನನಗೆ ಬಹಳ ಇಷ್ಟ. ‘ಅಂಚೆ ತೆರಪಿನ ಶಿಕ್ಷಣ’ ಎಂದರು. ತೆರಪು ಎಂದರೆ ಬಿಡುವು, ಸಂದು, ಎರಡು ವಸ್ತುಗಳ ನಡುವೆ ಉಳಿದ ಜಾಗ. ಯಾರು ಹಾಕಿದರೋ ಈ ಪದವನ್ನು, ಹೆಂಗಸರ ದಿನಚರಿಯನ್ನು ಬಲ್ಲವರೇ ಇರಬೇಕು. ಅಡುಗೆಗೂ ಊಟಕ್ಕೂ ನಡುವಿನ ತೆರಪು, ಮಗು ಮಲಗಿ ಏಳುವುದರ ನಡುವಿನ ತೆರಪು. ನಮ್ಮ ಓದೆಲ್ಲ ಅಲ್ಲಿಯೇ ಆದದ್ದು.

ನಮ್ಮ ಓದು ಎಂದೆ. ನಾನೂ ಆ ಬಾಗಿಲಿನಿಂದಲೇ ಬಂದವಳು. 1989ರಲ್ಲಿ ಬಿ.ಎ. ಮೊದಲ ವರ್ಷ ಮುಗಿಯುತ್ತಲೇ ಮದುವೆಯಾಗಿ ತರೀಕೆರೆಗೆ ಬಂದೆ. ಐದು ವರ್ಷದ ಮೇಲೆ, ಎರಡನೆಯ ಮಗುವಿಗೆ ಒಂದು ತುಂಬಿದಾಗ, ಅಂಚೆಯ ಮೂಲಕ ಮತ್ತೆ ಮೊದಲಿನಿಂದ ಶುರು ಮಾಡಿದೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ಕಂದು ಕಾಗದ ಸುತ್ತಿದ ಪಾಠಗಳ ಕಟ್ಟನ್ನು ಅಂಚೆಯಣ್ಣ ಜಗಲಿಯ ಮೇಲೆ ಇಟ್ಟು ಹೋಗುತ್ತಿದ್ದ. ಬೀದಿಯವರಿಗೆಲ್ಲ ಅದು ಏನೆಂದು ತಿಳಿಯಲು ತಡವಾಗಲಿಲ್ಲ. ‘ಇನ್ನು ಯಾವ ಕಲೆಕ್ಟರ್ ಆಗ್ಬೇಕಂತೆ?’ ಎಂದು ನಲ್ಲಿಯ ಹತ್ತಿರ ಒಬ್ಬರು ಕೇಳಿದ್ದು ನನ್ನ ಕಿವಿಗೂ ಬಿತ್ತು.

ನಮ್ಮ ಅತ್ತೆ ಓದಿದ್ದು ನಾಲ್ಕನೆಯ ತರಗತಿ. ನಾನು ಓದುವುದಕ್ಕೆ ಅವರು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಸಂಪರ್ಕ ತರಗತಿಗಳಿಗೆ ಶಿವಮೊಗ್ಗಕ್ಕೆ ಹೋಗಿ ಬರಬೇಕಾಗಿ ಬಂದಾಗ, ಮಗುವನ್ನು ಏನು ಮಾಡುವುದು ಎಂಬ ಯೋಚನೆಯಲ್ಲಿ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಬೆಳಿಗ್ಗೆ ಅವರೇ, ‘ಬಸ್ಸು ಎಷ್ಟು ಹೊತ್ತಿಗೆ?’ ಎಂದು ಕೇಳಿದರು. ‘ಏಳೂವರೆಗೆ ಅತ್ತೆ’ ಎಂದೆ. ‘ಹಾಗಾದ್ರೆ ಮಗೂಗೆ ಗಂಜಿ ನಾನೇ ಮಾಡ್ಕೋತೀನಿ. ನೀನು ಹೊರಡು’ ಎಂದರು. ಅವರ ಸಮ್ಮತಿಯ ಭಾಷಣ ಅಷ್ಟೇ. 1997ರಲ್ಲಿ ನನ್ನ ಬಿ.ಎ. ಮುಗಿಯಿತು, ಆಮೇಲೆ ಬಿ.ಇಡಿ. ಆಯಿತು. ದುರ್ಗಾಬಾಯಿಯವರಿಗೆ ಹಾಸ್ಟೆಲ್ ಹೇಗೋ ನನಗೆ ನಮ್ಮ ಅತ್ತೆಯ ಗಂಜಿ ಹಾಗೆ. ವಿಶ್ವವಿದ್ಯಾಲಯ ಹೊರಗಿನಿಂದ ಚಿಲಕ ತೆಗೆದರೆ ಸಾಲದು, ಒಳಗಿನಿಂದಲೂ ಯಾರಾದರೂ ತೆಗೆಯಬೇಕು.

ಆ ಪರೀಕ್ಷೆಯ ಕೊಠಡಿಗಳನ್ನು ಈಗಲೂ ನೆನೆಯುತ್ತೇನೆ. ಪೊಲೀಸ್ ಪೇದೆಗಳು, ಬ್ಯಾಂಕಿನ ಗುಮಾಸ್ತರು, ಟಿ.ಸಿ.ಎಚ್. ಮಾಡಿ ಶಿಕ್ಷಕಿಯರಾಗಿದ್ದವರು, ಬಾಗಿಲಾಚೆ ತಾಯಿಯ ಕೈಗೆ ಹಸುಗೂಸು ಕೊಟ್ಟು ಒಳಗೆ ಬಂದು ಬರೆಯುವವರು. ಯಾರೂ ಯಾರನ್ನೂ ‘ಈ ವಯಸ್ಸಿನಲ್ಲಿ ಯಾಕೆ?’ ಎಂದು ಕೇಳದ ಜಾಗ ಅದೊಂದೇ ಇತ್ತು.

ಹೊರಗೆ ಮಾತ್ರ ಕೇಳುತ್ತಿದ್ದರು. ‘ಅಂಚೆ ಡಿಗ್ರಿಯಾ?’ ಎಂದು ಮೂಗು ಎಳೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರಿಗೆ ಒಂದು ಮಾತು. ಕಾಲೇಜಿನಲ್ಲಿ ಪಾಠ ಹೇಳುವವರು ಎದುರಿಗಿರುತ್ತಾರೆ, ತಿಳಿಯದಿದ್ದರೆ ಕೇಳಬಹುದು, ಪಕ್ಕದವಳ ನೋಟ್ಸ್ ಇರುತ್ತದೆ. ಇಲ್ಲಿ ಅವು ಯಾವುವೂ ಇಲ್ಲ. ಅಚ್ಚಾದ ಪಾಠ, ತನ್ನ ತಲೆ, ಮಿಕ್ಕ ತೆರಪು. ಹೀಗೆ ಓದಿ ಪಾಸಾದವಳ ಪದವಿ ಹಗುರವಾಗುವುದು ಹೇಗೆ?

ಆದರೆ ಮಾನ್ಯತೆಯ ವಿಷಯ ಹಾಸ್ಯದ್ದಲ್ಲ. ಕರ್ವೆಯವರ ವಿದ್ಯಾರ್ಥಿನಿಯರು ಮೂವತ್ತೈದು ವರ್ಷ ಕಾದದ್ದನ್ನು ಹೇಳಿದೆನಲ್ಲ, ಅಂಥ ಕಷ್ಟ ನಮ್ಮ ಕಾಲದಲ್ಲೂ ಬಂತು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರ ನಂತರ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2015ರಲ್ಲಿ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018–19ರಿಂದ. ನಡುವಿನ ವರ್ಷಗಳಲ್ಲಿ ಸೇರಿದವರ ಆತಂಕವನ್ನು ಯೋಚಿಸಿ. ಅವರಲ್ಲಿ ಚೀಟಿ ಕಟ್ಟಿ, ಹಾಲು ಮಾರಿ ಶುಲ್ಕ ಹೊಂದಿಸಿದವರೂ ಇದ್ದಿರಲೇಬೇಕು. ಹೆಬ್ಬಾಗಿಲಿಗೆ ಕಾವಲಿರುತ್ತದೆ, ಅದು ಮುಚ್ಚಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಹಿತ್ತಿಲ ಬಾಗಿಲು ಮುಚ್ಚಿದರೆ ಗೊತ್ತಾಗುವುದು ಅಲ್ಲಿ ಓಡಾಡುವವರಿಗೆ ಮಾತ್ರ. ದೂರಶಿಕ್ಷಣದಲ್ಲಿ ಪಡೆದ ಮಾನ್ಯ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು 2022ರಲ್ಲಿ ಆಯೋಗ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿತು. ‘ಮಾನ್ಯ’ ಎಂಬ ಪದವನ್ನು ಎರಡು ಸಲ ಓದಿಕೊಳ್ಳಬೇಕು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಓದಿದ ಹುಡುಗಿಯೊಬ್ಬಳು ಇತ್ತೀಚೆಗೆ ಸಂತೆಯಲ್ಲಿ ಸಿಕ್ಕಿದಳು. ಹುಡುಗಿ ಎಂದರೆ ನನಗೆ. ಅವಳಿಗೆ ಮೂವತ್ತೆಂಟು ವರ್ಷ, ದೊಡ್ಡ ಮಗ ಪಿಯುಸಿ. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟವಳು. ನರ್ಸರಿ ಶಾಲೆಯೊಂದರಲ್ಲಿ ಸಹಾಯಕಿಯಾಗಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದಾಳೆ. ಅವಳು ಕೆಲಸ ಕಲಿಸಿಕೊಟ್ಟ ಇಪ್ಪತ್ತೆರಡರ ಹುಡುಗಿಯರು ಡಿಗ್ರಿ ಇದೆ ಎಂಬ ಕಾರಣಕ್ಕೆ ಟೀಚರ್ ಆಗಿ, ಅವಳಿಗಿಂತ ಹೆಚ್ಚು ಸಂಬಳ ತೆಗೆದುಕೊಳ್ಳುತ್ತಾರೆ. ‘ಮಿಸ್, ಈಗ ಓದಿದರೆ ನಗೋದಿಲ್ವಾ ಜನ? ಮಗನೂ ನಾನೂ ಒಟ್ಟಿಗೆ ಪರೀಕ್ಷೆಗೆ ಕೂರೋದಾ?’ ಎಂದಳು. ‘ಕೂತರೇನಮ್ಮ? ಅವನಿಗೂ ಓದೋಕೆ ಜೊತೆ ಆಗುತ್ತೆ’ ಎಂದೆ. ನಕ್ಕಳು. ನಕ್ಕು, ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು, ‘ಫೀಸು ಎಷ್ಟಾಗುತ್ತೆ ಮಿಸ್?’ ಎಂದು ಕೇಳಿದಳು. ಫೀಸು ಕೇಳಿದವಳು ಮನಸ್ಸಿನಲ್ಲಿ ಅರ್ಧ ದಾರಿ ಬಂದಿದ್ದಾಳೆ ಎಂದು ನನಗೆ ಅನುಭವದಿಂದ ಗೊತ್ತು.

ಅವಳಿಗೂ ಅವಳಂಥವರಿಗೂ ನಾನು ಸುಳ್ಳು ಆಸೆ ಹುಟ್ಟಿಸಲಾರೆ. ನಲವತ್ತಕ್ಕೆ ಮುಗಿಸಿದ ಪದವಿಯಿಂದ ಸರ್ಕಾರಿ ನೌಕರಿ ಬರುವುದು ಕಷ್ಟ, ನೌಕರಿಗೆ ವಯಸ್ಸಿನ ಮಿತಿಯಿದೆ. ಹೊಸ ಶಿಕ್ಷಣ ನೀತಿಯಲ್ಲಿ ಓದಿದಷ್ಟು ಅಂಕಗಳನ್ನು ಜಮಾ ಇಟ್ಟುಕೊಂಡು ಆಮೇಲೆ ಮುಂದುವರಿಸುವ ಏರ್ಪಾಡು 2021ರಿಂದ ಬಂದಿದೆ. ನೋಡಲು ಚೆನ್ನಾಗಿದೆ. ಆದರೆ ಅಲ್ಲಿ ಜಮೆಗೆ ಏಳು ವರ್ಷದ ಅವಧಿ ಇಟ್ಟಿದ್ದಾರೆ. ಮೊದಲ ಮಗುವಿನ ಬಾಣಂತನದಿಂದ ಎರಡನೆಯದು ಶಾಲೆಗೆ ಸೇರುವ ಹೊತ್ತಿಗೆ ಏಳು ವರ್ಷ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ! ಹದಿನೆಂಟು ವರ್ಷದ ಹಿಂದೆ ಬಿಟ್ಟವಳಿಗಂತೂ ಅದರಿಂದ ಏನೂ ಆಗಲಾರದು. ಅವಳು ಹೆಚ್ಚುಪಾಲು ನನ್ನ ಹಾಗೆ ಮೊದಲಿನಿಂದ ಶುರು ಮಾಡಬೇಕಾದೀತು.

ಆದರೂ ಶುರು ಮಾಡು ಎಂದೇ ಹೇಳುತ್ತೇನೆ. ಸೇರುವ ಮೊದಲು ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ಆಯೋಗದ ಮಾನ್ಯತೆ ಇದೆಯೇ ಎಂದು ಆಯೋಗದ ಪಟ್ಟಿಯಲ್ಲೇ ನೋಡಬೇಕು. ಮೊಬೈಲಿನಲ್ಲಿ ಮಗನೇ ತೋರಿಸಿಕೊಟ್ಟಾನು. ಏಜೆಂಟರ ಮಾತು ನಂಬಬಾರದು. ‘ಒಂದೇ ವರ್ಷದಲ್ಲಿ ಡಿಗ್ರಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರಬೇಕು. ಹಳೆಯ ಅಂಕಪಟ್ಟಿಗಳನ್ನು, ವರ್ಗಾವಣೆ ಪತ್ರವನ್ನು ಟ್ರಂಕಿನಿಂದ ಹುಡುಕಿ ತೆಗೆದಿಟ್ಟುಕೊಳ್ಳಬೇಕು. ಮದುವೆಯ ನಂತರ ಹೆಸರು ಬದಲಾಗಿದ್ದರೆ ಅದನ್ನು ಮೊದಲೇ ಸರಿ ಮಾಡಿಸಿಕೊಳ್ಳಬೇಕು. ಇಷ್ಟಾದ ಮೇಲೆ, ದುರ್ಗಾಬಾಯಿಯವರ ಹಾಗೆ, ಬೀದಿಯಲ್ಲಿ ಇನ್ನೂ ಯಾರಿದ್ದಾರೆ ಎಂದು ವಿಚಾರಿಸಬೇಕು. ಇಬ್ಬರಾದರೆ ಬಸ್ಸಿಗೆ ಜೊತೆ, ಮೂವರಾದರೆ ಮಗು ನೋಡಿಕೊಳ್ಳಲು ಸರದಿ ಹಾಕಿಕೊಳ್ಳಬಹುದು.

ಮನೆಯಲ್ಲಿ ಸೊಸೆ ಇರುವ, ಓದು ಬಿಟ್ಟ ಮಗಳಿರುವ ಹಿರಿಯರಿಗೂ ನನ್ನದೊಂದು ಕೋರಿಕೆ. ಅವಳು ಕೇಳಲಿ ಎಂದು ಕಾಯಬೇಡಿ. ಕೇಳುವುದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಬಸ್ಸು ಎಷ್ಟು ಹೊತ್ತಿಗೆ ಎಂದು ನೀವೇ ಕೇಳಿ.